ಒಂದೇ ಕುಳಿ, ಹಲವು ಸಿಡಿತ: ಹಂತಹಂತವಾಗಿ ಮದ್ದು ತುಂಬುವ ವಿಧಾನದ ಚರಿತ್ರೆ ಮತ್ತು ಸಕಲೇಶಪುರ ಘಟ್ಟ

ಪ್ರವೇಶ

ಭೂಗತ ಗಣಿಯಲ್ಲಿ 30 ಮೀಟರ್ ಆಳದ ಕುಳಿ ಕೊರೆದರೆ ಅದಕ್ಕೆ ತಳದಿಂದ ಬಾಯಿಯವರೆಗೆ ಒಮ್ಮೆಗೇ ಮದ್ದು ತುಂಬಬೇಕೆಂದಿಲ್ಲ. ತಳದ ಒಂದು ಮೀಟರ್ ತುಂಬಿ ಸಿಡಿಸಿ, ಉದುರಿದ ಅದಿರನ್ನು ಸಾಗಿಸಿ, ಅದೇ ಕುಳಿಯ ಉಳಿದ ಭಾಗಕ್ಕೆ ಮತ್ತೆ ಮದ್ದಿಡಬಹುದು. ಇಂದಿನ ಗಣಿ ವಿನ್ಯಾಸ ಸಾಫ್ಟ್‌ವೇರ್‌ಗಳು ಈ ಸರದಿಯನ್ನು ಮೊದಲೇ ಪರದೆಯ ಮೇಲೆ ಯೋಜಿಸುತ್ತವೆ. ಆದರೆ ಈ ಯೋಚನೆ ಕಂಪ್ಯೂಟರ್‌ಗಿಂತ ಬಹಳ ಹಳೆಯದು. ಸ್ಫೋಟದ ಶಕ್ತಿಯನ್ನು ಮೊದಲು ಕಾಲದಲ್ಲಿ, ಆಮೇಲೆ ಕುಳಿಯ ಉದ್ದದಲ್ಲಿ ವಿಂಗಡಿಸುತ್ತ ಬಂದಂತೆ ದಾಖಲೆಯ ಹೊರೆಯೂ ಹೆಚ್ಚಿತು. ಸಾಫ್ಟ್‌ವೇರ್ ಆ ಹೊರೆಗೆ ಸಿಕ್ಕ ಉತ್ತರ ಎಂಬುದು ಈ ಲೇಖನದ ವಾದ.

ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ದೊಡ್ಡ ಭೂಗತ ಗಣಿಯಿಲ್ಲ. ಹಾಸನ ಜಿಲ್ಲೆಯಲ್ಲಿ ಅಂಥ ಗಣಿಗಾರಿಕೆ ನಡೆದದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದ ಕ್ರೋಮೈಟ್ ನಿಕ್ಷೇಪದಲ್ಲಿ. ಆದರೂ ನೆಲದಡಿಯ ಸ್ಫೋಟದ ಚರಿತ್ರೆಗೆ ಮಲೆನಾಡಿನ ಈ ಅಂಚು ಹೊರತಲ್ಲ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವೆ ಸುಮಾರು 55 ಕಿ.ಮೀ. ಹಾದಿಯಲ್ಲಿ 57 ರೈಲು ಸುರಂಗಗಳಿವೆ.

ಕಾಲದ ವಿಂಗಡಣೆ

ಕರಿಮದ್ದಿನ ಕಾಲದಲ್ಲಿ ಯಾವ ಕುಳಿ ಯಾವಾಗ ಸಿಡಿಯುತ್ತದೆಂಬ ಭರವಸೆಯೇ ಇರಲಿಲ್ಲ. 1831ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವಿಲಿಯಂ ಬಿಕ್‌ಫರ್ಡ್ ಸುರಕ್ಷಾ ಬತ್ತಿಗೆ ಪೇಟೆಂಟ್ ಪಡೆದ. ಬತ್ತಿ ಉರಿಯುವ ವೇಗ ಗೊತ್ತಾದ ಮೇಲೆ ಉದ್ದ ಹೆಚ್ಚುಕಡಿಮೆ ಮಾಡಿ ಕತ್ತರಿಸಿದರೆ ಕುಳಿಗಳು ಒಂದರ ಹಿಂದೊಂದು ಸಿಡಿಯುತ್ತಿದ್ದವು. 1867ರಲ್ಲಿ ಆಲ್ಫ್ರೆಡ್ ನೊಬೆಲ್ ಡೈನಮೈಟ್‌ಗೆ ಪೇಟೆಂಟ್ ಪಡೆದ. 1880ರ ನಂತರ ಜಾನ್ ಟೇಲರ್ ಆ್ಯಂಡ್ ಸನ್ಸ್ ಕಂಪನಿ ಕೋಲಾರದಲ್ಲಿ ಚಿನ್ನ ತೆಗೆಯತೊಡಗಿದಾಗ ಕಾರ್ನ್‌ವಾಲ್‌ನ ಗಣಿಗಾರರು ತಮ್ಮ ಕಸುಬನ್ನು ಮೈಸೂರು ಸಂಸ್ಥಾನಕ್ಕೆ ತಂದರು.

1940ರ ದಶಕದಲ್ಲಿ ಮಿಲಿಸೆಕೆಂಡ್ ವಿಳಂಬದ ವಿದ್ಯುತ್ ಡಿಟೋನೇಟರ್‌ಗಳು ಬಳಕೆಗೆ ಬಂದವು. 1970ರ ದಶಕದಲ್ಲಿ ಸ್ವೀಡನ್ನಿನ ನೋನೆಲ್, ಅಂದರೆ ವಿದ್ಯುತ್ತಿಲ್ಲದೆ ಸಿಡಿತದ ಸಂಕೇತ ಒಯ್ಯುವ ಕೊಳವೆ, ಬಂತು, ಆಮೇಲೆ ಎಲೆಕ್ಟ್ರಾನಿಕ್ ಡಿಟೋನೇಟರ್. ಈಗ ಒಂದೊಂದು ಮಿಲಿಸೆಕೆಂಡನ್ನೂ ನಿಗದಿಪಡಿಸಬಹುದು. ಇತ್ತ ಭಾರತದಲ್ಲಿ 1958ರಲ್ಲಿ ಇಂದಿನ ಜಾರ್ಖಂಡಿನ ಗೋಮಿಯಾದಲ್ಲಿ ಸ್ಫೋಟಕ ಕಾರ್ಖಾನೆ ಶುರುವಾದ ಮೇಲೆ ಕೈಗಾರಿಕಾ ಸ್ಫೋಟಕಗಳು ದೇಶದಲ್ಲೇ ತಯಾರಾಗತೊಡಗಿದವು. ಘಟ್ಟದ ರೈಲು ಕಾಮಗಾರಿ ನಡೆದದ್ದು ಅದರ ಮುಂದಿನ ಎರಡು ದಶಕಗಳಲ್ಲಿ.

ಘಟ್ಟದ ಸುರಂಗಗಳು

ಹಾಸನದಿಂದ ಆಲೂರಿನ ಮೇಲೆ ಸಕಲೇಶಪುರದವರೆಗೆ ರೈಲು ಏರಿಳಿತದ ನೆಲದಲ್ಲಿ ಸಾಗುತ್ತದೆ. ದೋಣಿಗಲ್ ದಾಟಿದ ಮೇಲೆ ಘಟ್ಟ ಇಳಿಯಬೇಕು. ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ನಿಲ್ದಾಣಗಳ ಈ ಹಾದಿಯಲ್ಲಿ 50 ಮೀಟರಿಗೆ 1 ಮೀಟರ್ ಇಳಿಜಾರಿದೆ. 1960ರ ದಶಕದಲ್ಲಿ ಕೈಗೊಂಡ ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ 1979ರಲ್ಲಿ ಪೂರ್ಣಗೊಂಡಿತು. 1990ರ ದಶಕದಲ್ಲಿ ಶುರುವಾದ ಬ್ರಾಡ್ ಗೇಜ್ ಪರಿವರ್ತನೆ ಮುಗಿದು, 2006ರಲ್ಲಿ ಸರಕು ರೈಲು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಓಡತೊಡಗಿದವು.

ಕೊರೆದು ಸಿಡಿಸುವ ಸುರಂಗದಲ್ಲಿ ಮುಖದ ಎಲ್ಲ ಕುಳಿಗಳಿಗೂ ಒಟ್ಟಿಗೇ ಮದ್ದಿಡುತ್ತಾರೆ. ಸಿಡಿಯುವ ಸರದಿ ಮಾತ್ರ ಬೇರೆ. ಮೊದಲು ನಡುವಿನ ಕುಳಿಗಳು ಸಿಡಿದು ಪೊಳ್ಳು ಜಾಗ ಮಾಡಿಕೊಡುತ್ತವೆ. ಸುತ್ತಲಿನವು ಆ ಪೊಳ್ಳಿನತ್ತ ಬಂಡೆಯನ್ನು ಒಡೆಯುತ್ತವೆ. ಕೊನೆಗೆ ಅಂಚಿನ ಕುಳಿಗಳು ಹಗುರ ಮದ್ದಿನಲ್ಲಿ ಕಮಾನಿನ ಆಕಾರ ಬಿಡಿಸುತ್ತವೆ. ಸಕಲೇಶಪುರದ ಕಡೆ ಗಟ್ಟಿ ನೈಸ್ ಶಿಲೆಯ ಮೇಲೆ ದಪ್ಪನೆಯ ಶಿಥಿಲ ಮಣ್ಣಿನ ಹೊದಿಕೆಯಿದೆ, ಮೇಲೆ ಮುಂಗಾರಿನ ಅಬ್ಬರ. ಇಂಥಲ್ಲಿ ಅಂಚಿಗೆ ಮದ್ದು ಅತಿಯಾದರೆ ಸುತ್ತಲ ಬಂಡೆ ಬಿರುಕುಬಿಟ್ಟು, ಆ ಬಿರುಕಿನಲ್ಲಿ ನೀರು ಇಳಿಯುತ್ತದೆ. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತವಾಗಿ ರೈಲು ಸಂಚಾರ ನಿಂತಿದ್ದು, ಈ ಇಳಿಜಾರು ಎಷ್ಟು ಸೂಕ್ಷ್ಮವೆಂಬುದನ್ನು ಮತ್ತೆ ತೋರಿಸಿತು.

ಉದ್ದದ ವಿಂಗಡಣೆ

ಸುರಂಗದ ಕುಳಿ ಕೆಲವೇ ಮೀಟರ್ ಆಳ. ಒಂದು ಸಿಡಿತಕ್ಕೆ ಅದರ ಕೆಲಸ ಮುಗಿಯಿತು. ಗಣಿಯ ಅದಿರಿನ ಕೋಣೆ, ಗಣಿಯವರು ಸ್ಟೋಪ್ ಎನ್ನುವ ಜಾಗದಲ್ಲಿ, ಕುಳಿ ಹತ್ತಾರು ಮೀಟರ್ ಉದ್ದವಿರುತ್ತದೆ. ಅಲ್ಲಿ ಎರಡು ಬಗೆಯ ವಿಂಗಡಣೆ ಬೆಳೆಯಿತು. ಮೊದಲನೆಯದು ಡೆಕ್: ಒಂದೇ ಕುಳಿಯಲ್ಲಿ ಮದ್ದು, ಜಲ್ಲಿಪುಡಿ, ಮತ್ತೆ ಮದ್ದು ಎಂದು ಪದರ ಹಾಕಿ ಪ್ರತಿ ಪದರಕ್ಕೂ ಬೇರೆ ವಿಳಂಬ ಕೊಡುವುದು. ಎರಡನೆಯದು ವಿ.ಸಿ.ಆರ್. (ವರ್ಟಿಕಲ್ ಕ್ರೇಟರ್ ರಿಟ್ರೀಟ್) ಪದ್ಧತಿ: ಮೇಲಿನ ಹಂತದಿಂದ ಕೊರೆದ ಕುಳಿಯನ್ನು ತಳದಿಂದ ಮೇಲಕ್ಕೆ ಹಲವು ಸಲ ಸಿಡಿಸುವುದು. ಅಮೆರಿಕದ ಲಿವಿಂಗ್‌ಸ್ಟನ್ 1950ರ ದಶಕದಲ್ಲಿ ಮಂಡಿಸಿದ ಕ್ರೇಟರ್ (ಸಿಡಿತದಿಂದಾಗುವ ಗುಂಡಿ) ಸಿದ್ಧಾಂತ ಇದರ ತಳಹದಿ. 1970ರ ದಶಕದಲ್ಲಿ ಕೆನಡಾದ ಇಂಕೊ ಕಂಪನಿಯ ಗಣಿಗಳಲ್ಲಿ ಇದು ರೂಢಿಗೆ ಬಂತು. ಭಾರತದಲ್ಲಿ ರಾಜಸ್ಥಾನದ ರಾಜಪುರ ದರೀಬಾ ಗಣಿ ಇದನ್ನು ಬಳಸಿತು.

ಈ ಪದ್ಧತಿಯಲ್ಲಿ ಮದ್ದಿನ ಉದ್ದ ಕುಳಿಯ ವ್ಯಾಸದ ಆರು ಪಟ್ಟು ಮೀರಬಾರದು. ವ್ಯಾಸ 165 ಮಿ.ಮೀ. ಇದ್ದರೆ ಮದ್ದಿನ ಉದ್ದ ಒಂದು ಮೀಟರ್‌ಗೆ ತುಸು ಕಡಿಮೆ. ಸಾಂದ್ರತೆ 1.2 ಎಂದುಕೊಂಡರೆ ತೂಕ ಸುಮಾರು 25 ಕೆ.ಜಿ. ಕೆಲಸಗಾರರು ಮೇಲಿನಿಂದ ಹಗ್ಗ ಬಿಟ್ಟು ಕುಳಿಯ ಆಳ ಅಳೆಯುತ್ತಾರೆ. ತಳ ತೆರೆದಿರುವುದರಿಂದ ಬಿರಡೆ ಇಳಿಸಿ ಬಿಗಿಮಾಡಿ, ಅದರ ಮೇಲೆ ಮರಳು, ಮದ್ದು, ಡಿಟೋನೇಟರ್, ಮತ್ತೆ ಮರಳು ಹಾಕುತ್ತಾರೆ. ಸಿಡಿತಕ್ಕೆ 3 ಮೀಟರ್ ಉದುರಿತೆಂದರೆ 30 ಮೀಟರಿನ ಕುಳಿ 27ಕ್ಕೆ ಇಳಿಯಿತು. ಪಕ್ಕದ ಕುಳಿಯಲ್ಲಿ ಎರಡೇ ಮೀಟರ್ ಉದುರಿರಬಹುದು, ಇನ್ನೊಂದು ಮುಚ್ಚಿಹೋಗಿರಬಹುದು. ಹೀಗಾಗಿ ಪ್ರತಿ ಸಿಡಿತದ ಬಳಿಕವೂ ಎಲ್ಲ ಕುಳಿಗಳನ್ನು ಹೊಸದಾಗಿ ಅಳೆಯಲೇಬೇಕು.

ದಾಖಲೆಯಿಂದ ಸಾಫ್ಟ್‌ವೇರ್‌ಗೆ

ಮೊದಲೆಲ್ಲ ಈ ಲೆಕ್ಕ ನಕ್ಷೆಯ ಹಾಳೆಯಲ್ಲೂ ಬ್ಲಾಸ್ಟಿಂಗ್ ಫೋರ್‌ಮನ್‌ನ ನೋಟ್‌ಬುಕ್ಕಿನಲ್ಲೂ ಇರುತ್ತಿತ್ತು. 1980ರ ದಶಕದ ಆರಂಭದಲ್ಲಿ ಸರ್ಪ್ಯಾಕ್, ಡೇಟಾಮೈನ್‌ನಂಥ ಸಾಫ್ಟ್‌ವೇರ್‌ಗಳು ಬಂದಾಗ ಅವುಗಳ ಮುಖ್ಯ ಕೆಲಸ ಅದಿರಿನ ಆಕಾರ ಮತ್ತು ಪ್ರಮಾಣ ಅಂದಾಜಿಸುವುದಾಗಿತ್ತು. ಕುಳಿಗಳ ವಿನ್ಯಾಸ, ಮದ್ದಿನ ಯೋಜನೆ ಆಮೇಲೆ ಸೇರಿಕೊಂಡವು. ಹಂತಹಂತದ ಯೋಜನೆಯಲ್ಲಿ ಕುಳಿಯ ಬಾಯಿ, ತಳ, ವ್ಯಾಸಗಳು ಸ್ಥಿರ ಮಾಹಿತಿ. ಉಳಿದ ಉದ್ದ, ಹಂತದ ಸಂಖ್ಯೆ, ಬಿರಡೆಯ ಜಾಗ, ಮದ್ದಿನ ಬಗೆ, ವಿಳಂಬ, ನೀರಿದೆಯೇ ಎಂಬುದೆಲ್ಲ ಸಿಡಿತದಿಂದ ಸಿಡಿತಕ್ಕೆ ಬದಲಾಗುತ್ತವೆ. ಒಂದು ಹಂತ ತಿದ್ದಿದರೆ ಮುಂದಿನ ಹಂತಗಳೆಲ್ಲ ತಾವಾಗಿ ಮರುಲೆಕ್ಕವಾಗುವುದೇ ಸಾಫ್ಟ್‌ವೇರ್‌ನ ಲಾಭ. ಆದರೆ ಹಗ್ಗ ಬಿಟ್ಟು ತೆಗೆದ ಅಳತೆ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪು.

ವಿಂಗಡಣೆಯ ಇನ್ನೊಂದು ಲಾಭ ಕಂಪನದಲ್ಲಿದೆ. ನೆಲದ ಅದುರು, ದೂರವನ್ನು ಒಂದು ವಿಳಂಬದಲ್ಲಿ ಸಿಡಿಯುವ ಮದ್ದಿನ ವರ್ಗಮೂಲದಿಂದ ಭಾಗಿಸಿ ಬಂದ ಸಂಖ್ಯೆಯನ್ನು ಅವಲಂಬಿಸಿರುತ್ತದೆ. 100 ಮೀಟರ್ ದೂರದಲ್ಲಿ 100 ಕೆ.ಜಿ.ಗೆ ಆ ಸಂಖ್ಯೆ 10, 25 ಕೆ.ಜಿ.ಗೆ 20. ಸಂಖ್ಯೆ ಹೆಚ್ಚಿದಷ್ಟೂ ಅದುರು ಕಡಿಮೆ; ಈ ಸಂಬಂಧದ ಸೂತ್ರದಲ್ಲಿ ಘಾತ 1.6 ಎಂದು ಹಿಡಿದರೆ ಅದುರು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯ ಪ್ರಕಾರ, ಗಣಿಯವರಿಗೆ ಸೇರದ ಮನೆಗಳ ಬಳಿ 8 ಹರ್ಟ್ಜ್‌ಗಿಂತ ಕಡಿಮೆ ಆವರ್ತನದಲ್ಲಿ ಕಂಪನದ ವೇಗ ಸೆಕೆಂಡಿಗೆ 5 ಮಿ.ಮೀ. ಮೀರಕೂಡದು. ಇಂಥ ಕಂಪನ ಅಳೆಯುವ ಪರಿಣತಿಯುಳ್ಳ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದು 1988ರಲ್ಲಿ, ಕೋಲಾರದ ಚಿನ್ನದ ಗಣಿಯ ಆವರಣದಲ್ಲೇ.

ಸಮಾರೋಪ

ಬತ್ತಿಯ ಉದ್ದ ಕತ್ತರಿಸುತ್ತಿದ್ದವನಿಗೆ ಸರದಿಯೊಂದು ನೆನಪಿದ್ದರೆ ಸಾಕಿತ್ತು. ವಿ.ಸಿ.ಆರ್. ಕುಳಿಯ ವಿಚಾರದಲ್ಲಿ ಹಿಂದಿನ ಸಿಡಿತಗಳೆಲ್ಲದರ ಲೆಕ್ಕ ಬೇಕು. ಈ ಲೆಕ್ಕ ಗಣಿಯ ಒಳಗಿನ ಅಗತ್ಯಕ್ಕೆ ಬೆಳೆದದ್ದಾದರೂ ಅದರ ಉಪಯೋಗ ಅಲ್ಲಿಗೇ ನಿಲ್ಲುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಯಾದ ಎತ್ತಿನಹೊಳೆ ಕುಡಿಯುವ ನೀರಿನ ಯೋಜನೆಯೂ, ಶಿರಾಡಿ ಘಾಟಿಯ ಸುರಂಗ ರಸ್ತೆಯ ಪ್ರಸ್ತಾವವೂ ಇದೇ ಬೆಟ್ಟಸಾಲಿಗೆ ಸೇರಿದವು. ಇಲ್ಲಿ ಮುಂದೆ ಸುರಂಗ ಕೊರೆಯುವಾಗ ಯಾವ ಕುಳಿಗೆ, ಯಾವ ವಿಳಂಬದಲ್ಲಿ, ಎಷ್ಟು ಮದ್ದು ಎಂಬ ದಾಖಲೆಯನ್ನು ಕಂಪನದ ಅಳತೆಯ ಜೊತೆಗೇ ಇಡುವಂತೆ ಗುತ್ತಿಗೆಯ ಷರತ್ತಿನಲ್ಲೇ ಸೇರಿಸಬೇಕು. ಹಾಗಾದರೆ ಗೋಡೆ ಬಿರುಕುಬಿಟ್ಟಿತೆಂಬ ಕಾಫಿ ಬೆಳೆಗಾರನ ದೂರನ್ನು ಬಾಯಿಮಾತಿನಲ್ಲಿ ತಳ್ಳಿಹಾಕುವ ಬದಲು ದಿನಾಂಕ, ಗಂಟೆ, ಕಿಲೋ ಸಹಿತ ಪರಿಶೀಲಿಸಬಹುದು.