ದಶಮಾಂಶದ ಚುಕ್ಕಿ

ಕನ್ನಡ ಶಾಲೆಗೆ ಹೋಗುವ ಕ್ರೈಸ್ತರ ಮನೆಯ ಮಕ್ಕಳ ಕಿವಿಗೆ ‘ದಶಮಾಂಶ’ ಎಂಬ ಮಾತು ಎರಡು ಕಡೆ ಬೀಳುತ್ತದೆ. ಗಣಿತದ ಮೇಷ್ಟರು ಕರಿಹಲಗೆಯ ಮೇಲೆ ಚುಕ್ಕಿಯಿಟ್ಟು ಕಲಿಸುವ ದಶಮಾಂಶ ಒಂದು. ಭಾನುವಾರ ಕಾಣಿಕೆ ಎತ್ತುವ ಮುಂಚೆ ಅಯ್ಯನವರು ನೆನಪಿಸುವ ದಶಮಾಂಶ ಇನ್ನೊಂದು. ಕೆಲವರ ಬಾಯಲ್ಲಿ ಅದು ದಶಾಂಶ; ಹಿರಿಯರು ‘ಹತ್ತರಲ್ಲೊಂದು’ ಎಂದು ಮುಗಿಸಿಬಿಡುತ್ತಾರೆ. ಒಂದು ಪಾಠದ್ದು, ಒಂದು ಪ್ರಾರ್ಥನೆಯದು ಎನ್ನಿಸಿದರೂ ಲೆಕ್ಕ ಒಂದೇ. ಸಂಬಳ 34,750 ರೂಪಾಯಿ ಎಂದಿಟ್ಟುಕೊಳ್ಳಿ. ಭಾಗಾಕಾರ ಬೇಕಿಲ್ಲ, ಚುಕ್ಕಿಯನ್ನು ಒಂದು ಮನೆ ಎಡಕ್ಕೆ ಸರಿಸಿದರೆ 3,475 ಬಂತು. ತಿಂಗಳ ಮೊದಲ ವಾರ ಅಷ್ಟನ್ನು ಲಕೋಟೆಗೆ ಹಾಕಿ, ಮೇಲೆ ಹೆಸರು, ತಿಂಗಳು ಬರೆದು, ಉಳಿದದ್ದರಲ್ಲಿ ಸಂಸಾರ ತೂಗಿಸುವ ಮನೆಗಳು ನಮ್ಮಲ್ಲಿ ಈಗಲೂ ಇವೆ.

ಚುಕ್ಕಿ ಸರಿಸುವುದು ಸುಲಭ. ಯಾವ ಮೊತ್ತದ ಮೇಲೆ ಸರಿಸಬೇಕು ಎಂಬಲ್ಲಿ ತಕರಾರು. ಪಿಎಫ್, ಟಿಡಿಎಸ್ ಹಿಡಿಯುವ ಮೊದಲಿನ ಸಂಬಳವೋ, ಕೈಗೆ ಬಂದದ್ದೋ? ಬೋನಸ್ಸಿಗೂ ಉಂಟೋ? ಮನೆ ಸಾಲದ ಕಂತು ಕಟ್ಟಿದ ಮೇಲೋ, ಮುಂಚೆಯೋ? ಆರಾಧನೆ ಮುಗಿದು ಗೇಟಿನ ಬಳಿ ನಿಂತವರು ಇದನ್ನು ಗಂಟೆಗಟ್ಟಲೆ ಎಳೆಯಬಲ್ಲರು. ಈ ಚೌಕಾಸಿ ಹೊಸದೇನಲ್ಲ. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದನ್ನು ಬಿಡದೆ ಎಣಿಸಿಕೊಟ್ಟು, ನ್ಯಾಯ ಕರುಣೆಗಳನ್ನು ಮಾತ್ರ ಕೈಬಿಟ್ಟ ಫರಿಸಾಯರನ್ನು ಯೇಸು ಚೆನ್ನಾಗಿ ತರಾಟೆಗೆ ತೆಗೆದುಕೊಂಡದ್ದು ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದಲ್ಲಿದೆ. ಜೀರಿಗೆಯನ್ನು ಎಣಿಸುವ ತಾಳ್ಮೆ ಇದ್ದವರಿಗೆ ಬಾಗಿಲಲ್ಲಿ ನಿಂತ ವಿಧವೆ ಕಾಣಲಿಲ್ಲವಲ್ಲ! ಹಾಗೆಂದು ಲೆಕ್ಕವೇ ಬೇಡ ಎಂದೂ ಅವನು ಹೇಳಲಿಲ್ಲ. ಅದನ್ನೂ ಮಾಡಬೇಕು, ಇದನ್ನೂ ಬಿಡಬಾರದು ಎಂದ. ಕೊಡದಿರುವುದಕ್ಕೆ ನೆಪ ಹುಡುಕುವವರು ಈ ಕೊನೆಯ ತುಂಡನ್ನು ಓದುವುದಿಲ್ಲ.

‘ಹತ್ತರಲ್ಲೊಂದು’ ಎಂಬ ಮಾತಿನಲ್ಲಿ ನನಗೆ ಹಿಡಿಸುವುದು ಕೊಡುವ ಒಂದಕ್ಕಿಂತ ಉಳಿಯುವ ಒಂಬತ್ತು. ಹತ್ತು ಎಷ್ಟೆಂದು ಗೊತ್ತಿಲ್ಲದವನು ಅದರಲ್ಲಿ ಒಂದನ್ನು ತೆಗೆದಿಡಲಾರ. ತಿಂಗಳಿಗೆ ಎಷ್ಟು ಬರುತ್ತದೆ, ಚೀಟಿಗೆಷ್ಟು, ಇಎಂಐಗೆಷ್ಟು, ಕಾರ್ಡಿನಲ್ಲಿ ಉಜ್ಜಿದ್ದೆಷ್ಟು ಎಂದು ಗಂಡ ಹೆಂಡತಿ ಕೂತು ಒಂದು ಹಾಳೆಯ ಮೇಲೆ ಬರೆಯದ ಹೊರತು ದಶಮಾಂಶ ಹುಟ್ಟುವುದಿಲ್ಲ. ‘ಅವರದು ಲೆಕ್ಕವಿಡದ ಕೈ’ ಎಂದು ನಾವು ದಾನಿಯನ್ನು ಹೊಗಳುತ್ತೇವೆ. ಆ ಕೈಯ ಹಿಂದೆ ಕಿರಾಣಿ ಅಂಗಡಿಯಲ್ಲಿ ಉದ್ದರಿ ಹೇಳುವ ಹೆಂಡತಿ ಇರುವುದುಂಟು. ಅಪೊಸ್ತಲ ಪೌಲನಂತೂ ಕೊರಿಂಥದ ಸಭೆಯವರಿಗೆ, ವಾರದ ಮೊದಲ ದಿನವೇ ಬಂದ ಆದಾಯಕ್ಕೆ ತಕ್ಕಂತೆ ತೆಗೆದಿಡಿ, ನಾನು ಬಂದ ಮೇಲೆ ವಸೂಲಿಗೆ ಹೊರಡಬೇಡಿ ಎಂಬ ಅರ್ಥದಲ್ಲಿ ಬರೆದ. ಅಂದಹಾಗೆ, ಅಲ್ಲಿ ಅವನು ಶೇಕಡಾವಾರು ಹೇಳಲೇ ಇಲ್ಲ.

ಹಳೆಯ ಒಡಂಬಡಿಕೆಯಲ್ಲಿ ಅಬ್ರಹಾಮ ಯಾಜಕ ಮೆಲ್ಕಿಜೆದೇಕನಿಗೆ ಹತ್ತರಲ್ಲೊಂದು ಪಾಲು ಕೊಟ್ಟಾಗ ಯಾರೂ ಕೇಳಿರಲಿಲ್ಲ. ಯಾಕೋಬ ಬೇತೇಲಿನಲ್ಲಿ ಹರಕೆ ಹೊತ್ತು ತಾನಾಗಿ ಒಪ್ಪಿದ. ಆಮೇಲೆ ಅದು ಕಟ್ಟಳೆಯಾಯಿತು. ಯೂರೋಪಿಗೆ ಹೋದ ಮೇಲೆ ಕಂದಾಯವೇ ಆಯಿತು: 779ರಲ್ಲಿ ಶಾರ್ಲಮೇನ್ ದೊರೆ ತನ್ನ ರಾಜ್ಯದಲ್ಲಿ ಅದನ್ನು ಕಡ್ಡಾಯ ಮಾಡಿದ. ಇಂಗ್ಲೆಂಡಿನ ರೈತ ಹತ್ತನೆಯ ಸಿವುಡು, ಹತ್ತನೆಯ ಕುರಿಮರಿ ಒಪ್ಪಿಸಬೇಕಿತ್ತು. ಒಲ್ಲೆವೆಂದ ಕ್ವೇಕರ್ ಪಂಥದವರು ಜೈಲು ಕಂಡರು. ಫ್ರಾನ್ಸಿನಲ್ಲಿ 1789ರ ಕ್ರಾಂತಿ ಅದನ್ನು ಕಿತ್ತುಹಾಕಿತು. 1830ರ ದಶಕದ ಐರ್ಲೆಂಡಿನಲ್ಲಿ, ತಮ್ಮದಲ್ಲದ ಪ್ರಾಟೆಸ್ಟಂಟ್ ಸಭೆಗೆ ದಶಮಾಂಶ ಕಟ್ಟಬೇಕಾದ ಕ್ಯಾಥೊಲಿಕ್ ರೈತರು ತಿರುಗಿಬಿದ್ದು ರಕ್ತವೇ ಹರಿಯಿತು. ಜಫ್ತಿ ಮಾಡಿ ಒಯ್ದ ಹಸುವಿನಲ್ಲಿ ಕಾಣಿಕೆಯ ಗುಣ ಏನು ಉಳಿದೀತು?

ಹತ್ತರಲ್ಲೊಂದು ಎಂಬ ಸಂಖ್ಯೆಯ ಗೊಡವೆಯನ್ನೇ ದಾಟಿಹೋದವನು ಜಾನ್ ವೆಸ್ಲಿ, ಮೆಥಡಿಸ್ಟ್ ಪಂಥದ ಮೂಲಪುರುಷ. ದುಡಿಯಬಲ್ಲಷ್ಟು ದುಡಿ, ಉಳಿಸಬಲ್ಲಷ್ಟು ಉಳಿಸು, ಕೊಡಬಲ್ಲಷ್ಟು ಕೊಡು ಎಂಬುದು ಹಣದ ಬಗ್ಗೆ ಅವನ ಪ್ರಸಿದ್ಧ ಪ್ರಸಂಗದ ಸಾರ. ಇನ್ನೊಂದು ಪ್ರಸಂಗದಲ್ಲಿ ಅವನು ಹೇಳುವ ಯುವಕನ ಲೆಕ್ಕವನ್ನು ವೆಸ್ಲಿಯದೇ ಎಂದು ತಿಳಿಯುವವರಿದ್ದಾರೆ: ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಕೊಟ್ಟ; ಮರುವರ್ಷ 60 ಬಂತು, ಆಗಲೂ 28ರಲ್ಲೇ ಬದುಕಿ 32 ಕೊಟ್ಟ; ಮೂರನೆಯ ವರ್ಷ 90 ಬಂತು, 62 ಕೊಟ್ಟ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮವರು ಹೇಳುತ್ತಾರೆ. ಈತ ಹಾಸಿಗೆ ಉದ್ದವಾದರೂ ಕಾಲು ಚಾಚಲಿಲ್ಲ. ಸಂಬಳ ಏರಿದ ತಿಂಗಳೇ ಕಾರಿನ ಶೋರೂಮಿಗೆ ಹೋಗುವ ನಮಗೆ ಹತ್ತರಲ್ಲೊಂದು ಭಾರವಾಗುವುದು ಬಡತನದಿಂದಲ್ಲ.

ನಿಜವಾಗಿ ಭಾರವಾಗುವುದು ಬೇರೆಯವರಿಗೆ. ದಿನಗೂಲಿಯವನಿಗೆ, ಮೀಟರ್ ಬಡ್ಡಿಗೆ ಸಿಕ್ಕಿಬಿದ್ದವನಿಗೆ ‘ಹತ್ತು ಕೊಡು, ದೇವರು ನೂರು ಕೊಡುತ್ತಾನೆ’ ಎಂದು ಪ್ರವಾದಿ ಮಲಾಕಿಯನ ಗ್ರಂಥವನ್ನು ತೋರಿಸಿ ಹೇಳುವ ಬೋಧಕರಿದ್ದಾರೆ. ಅದು ದಾನದ ಬೋಧನೆಯಲ್ಲ, ಬಡ್ಡಿ ವ್ಯವಹಾರ. ಸಾಲದಲ್ಲಿ ಮುಳುಗಿದವನು ಮೊದಲು ಸಾಲ ತೀರಿಸಲಿ. ಯಾರಿಗೂ ಸಾಲ ಉಳಿಸಿಕೊಳ್ಳಬೇಡಿ ಎಂದವನೂ ಪೌಲನೇ. ಸಂಬಳವಿಲ್ಲದವರೂ ಕೊಡಬಲ್ಲರು ಎಂಬುದಕ್ಕೆ ಮಿಜೋರಾಮಿನ ಹೆಂಗಸರಿದ್ದಾರೆ. ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಸಭೆಗೆಂದು ಬೇರೆ ಡಬ್ಬಿಗೆ ಹಾಕುವ ಅವರ ಪದ್ಧತಿಗೆ ಶತಮಾನ ದಾಟಿದೆ. ಅಲ್ಲಿ ಚುಕ್ಕಿಯೂ ಇಲ್ಲ, ಗ್ರಾಸ್ ನೆಟ್ಟಿನ ಜಗಳವೂ ಇಲ್ಲ.

ಇನ್ನೊಂದು ವಿಷಯ ಪುಲ್ಪಿಟ್ಟಿನಿಂದ ಅಪರೂಪಕ್ಕೆ ಕೇಳಿಬರುತ್ತದೆ. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದ ಪ್ರಕಾರ, ಪ್ರತಿ ಮೂರನೆಯ ವರ್ಷದ ದಶಮಾಂಶವನ್ನು ಆಯಾ ಊರಲ್ಲೇ ಕೂಡಿಡಬೇಕು. ಹೊಲವಿಲ್ಲದ ಲೇವಿಯರು, ಪರದೇಶಿಗಳು, ತಂದೆಯಿಲ್ಲದವರು, ವಿಧವೆಯರು ಬಂದು ಹೊಟ್ಟೆತುಂಬ ಉಣ್ಣಬೇಕು. ದಶಮಾಂಶ ಎತ್ತುವುದಕ್ಕಷ್ಟೇ ಅಲ್ಲ, ಬಡವರಿಗೆ ಬಡಿಸುವುದಕ್ಕೂ ಇತ್ತು. ಆದ್ದರಿಂದ ಲಕೋಟೆ ಹಾಕುವವರಲ್ಲಿ ಒಂದು ಕೋರಿಕೆ: ಮುಂದಿನ ವಾರ್ಷಿಕ ಸಭೆಯಲ್ಲಿ ಖಜಾಂಚಿ ಆಯವ್ಯಯ ಓದುವಾಗ, ಪೇಂಟು, ಸೌಂಡ್ ಸಿಸ್ಟಮ್, ಕಾಂಪೌಂಡು ಎಲ್ಲ ಆದಮೇಲೆ ಎದ್ದುನಿಂತು, ವಿಧವೆಯರಿಗೆ ಎಷ್ಟು ಹೋಯಿತು ಎಂದು ಕೇಳಿ.