ಏಣಿ ಇಲ್ಲದ ಕೋವಿ

ಎನ್‌ಫೀಲ್ಡ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಬುಲೆಟ್ ಬೈಕ್ ನೆನಪಾಗುತ್ತದೆ. ಆದರೆ ರಾಯಲ್ ಎನ್‌ಫೀಲ್ಡ್‌ಗೆ ಆ ಹೆಸರು ಬಂದದ್ದು ನಮ್ಮ ಲಂಡನ್ನಿನ ಉತ್ತರ ತುದಿಯಲ್ಲಿದ್ದ ಒಂದು ಕೋವಿ ಕಾರ್ಖಾನೆಯಿಂದ. ಬೈಕ್ ಮಾಡುವ ಮೊದಲು ಆ ಕಂಪನಿಯವರು ಈ ಕಾರ್ಖಾನೆಗೆ ಬಿಡಿಭಾಗಗಳನ್ನು ಮಾಡಿಕೊಡುತ್ತಿದ್ದರು. ಎನ್‌ಫೀಲ್ಡ್ ಲಾಕ್‌ನಲ್ಲಿ ಲೀ ನದಿಯ ಪಕ್ಕದಲ್ಲಿದ್ದ ಈ ರಾಯಲ್ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿ 1816ರಲ್ಲಿ ಶುರುವಾಗಿ 1988ರಲ್ಲಿ ಮುಚ್ಚಿತು.

1857ರ ದಂಗೆಯ ಪಾಠದಲ್ಲಿ ಎನ್‌ಫೀಲ್ಡ್ ಕೋವಿಯ ಹೆಸರು ಬಂದೇ ಬರುತ್ತದೆ. ಅದರ ತೋಟಾಗಳಿಗೆ ಹಸುವಿನ ಮತ್ತು ಹಂದಿಯ ಕೊಬ್ಬು ಸವರಿದ್ದಾರೆ ಎಂಬ ಸುದ್ದಿ ಹಬ್ಬಿ ಸಿಪಾಯಿಗಳು ಸಿಟ್ಟಾದರು ಎಂದು ಓದುತ್ತೇವೆ. ಪಾಠ ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ. ಅದೇ ಕೋವಿಯ ಮೇಲೆ ಇನ್ನೊಂದು ಸಣ್ಣ ಕಬ್ಬಿಣದ ತುಂಡು ಇತ್ತು. ದಂಗೆಯ ನಂತರ ಅದಕ್ಕೆ ಏನಾಯಿತು ಎಂಬುದು ಈ ಲೇಖನದ ವಿಷಯ.

ಆ ತುಂಡಿನ ಹೆಸರು ಸೈಟ್. ಬೆಂಗಳೂರಿನಲ್ಲಿ ಸೈಟ್ ಎಂದರೆ ಮನೆ ಕಟ್ಟುವ ಜಾಗ, ಕೋವಿಯಲ್ಲಿ ಸೈಟ್ ಎಂದರೆ ಗುರಿ ನೋಡುವ ಸಾಧನ. ನಳಿಗೆಯ ತುದಿಯಲ್ಲಿ ಒಂದು ಚಿಕ್ಕ ಮೊಳೆಯಂಥದ್ದು ಇರುತ್ತದೆ, ಅದು ಮುಂದಿನ ಸೈಟ್. ಕಣ್ಣಿನ ಹತ್ತಿರ ಸಣ್ಣ ಕಚ್ಚು ಇರುವ ಪಟ್ಟಿ ಇರುತ್ತದೆ, ಅದು ಹಿಂದಿನ ಸೈಟ್. ಕಚ್ಚು, ಮೊಳೆ, ಗುರಿ ಮೂರೂ ಒಂದೇ ಸಾಲಿಗೆ ಬರಬೇಕು.

ಹಾಗೆ ಸಾಲಿಗೆ ತಂದರೆ ಸಾಕೇ? ಸಾಲದು. ಗುಂಡು ಹಾರುವಾಗ ಭೂಮಿ ಅದನ್ನು ಕೆಳಗೆ ಎಳೆಯುತ್ತಿರುತ್ತದೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಒಂದು ಸೆಕೆಂಡಿನಲ್ಲಿ ಅದು ಸುಮಾರು 5 ಮೀಟರ್ ಇಳಿಯುತ್ತದೆ. ಆದ್ದರಿಂದ ಗುರಿ ದೂರವಾದಷ್ಟೂ ನಳಿಗೆಯನ್ನು ಮೇಲಕ್ಕೆ ಎತ್ತಬೇಕು. ಎಷ್ಟು ಎತ್ತಬೇಕು ಎಂದು ಹಿಂದಿನ ಸೈಟ್ ಹೇಳುತ್ತದೆ. ಅದನ್ನು ಎತ್ತರಿಸಿದರೆ, ಮೂರನ್ನೂ ಸಾಲಿಗೆ ತರುವಾಗ ನಳಿಗೆ ತಾನಾಗಿ ಮೇಲೇಳುತ್ತದೆ.

ಸರಿಪಡಿಸುವ ನಿಯಮ ಸುಲಭ. ಗುಂಡು ಯಾವ ಕಡೆಗೆ ಹೋಗಬೇಕೋ ಹಿಂದಿನ ಸೈಟನ್ನು ಅದೇ ಕಡೆಗೆ ಸರಿಸಬೇಕು, ಮುಂದಿನದನ್ನು ವಿರುದ್ಧ ದಿಕ್ಕಿಗೆ. ಎರಡರ ನಡುವೆ ಅರ್ಧ ಮೀಟರ್ ಅಂತರವಿದೆ ಎಂದುಕೊಳ್ಳಿ. ಒಂದನ್ನು ಬರೀ 1 ಮಿಲಿಮೀಟರ್ ಸರಿಸಿದರೆ 100 ಮೀಟರ್ ದೂರದಲ್ಲಿ ಗುಂಡು ಬೀಳುವ ಜಾಗ 20 ಸೆಂಟಿಮೀಟರ್ ಬದಲಾಗುತ್ತದೆ. ಇದು ನಾವು ಗಣಿತದಲ್ಲಿ ಕಲಿಯುವ ಸಮರೂಪ ತ್ರಿಭುಜಗಳ ಲೆಕ್ಕವೇ.

ಬ್ರಿಟಿಷ್ ಸೈನಿಕರ ಹಳೆಯ ಬ್ರೌನ್ ಬೆಸ್ ಕೋವಿಗೆ ಹಿಂದಿನ ಸೈಟೇ ಇರಲಿಲ್ಲ. ಸುಮಾರು 100 ಗಜದ ಆಚೆ ಒಬ್ಬ ಮನುಷ್ಯನಿಗೆ ಗುರಿ ಇಟ್ಟು ಹೊಡೆಯುವುದು ಅದೃಷ್ಟದ ಮಾತಾಗಿತ್ತು. 1853ರ ಎನ್‌ಫೀಲ್ಡ್ ಮಾದರಿಯ ನಳಿಗೆಯೊಳಗೆ ಸುರುಳಿ ಗೆರೆಗಳಿದ್ದವು. ಗುಂಡು ತಿರುಗುತ್ತಾ ನೇರವಾಗಿ ಬಹುದೂರ ಹೋಗುತ್ತಿತ್ತು. ಅದಕ್ಕೆ ತಕ್ಕಂತೆ ಹಿಂದಿನ ಸೈಟ್ ಒಂದು ಪುಟ್ಟ ಏಣಿಯ ಹಾಗಿತ್ತು. ಏಣಿಯನ್ನು ನಿಲ್ಲಿಸಿ, ಅದರ ಮೇಲಿನ ಜಾರುಪಟ್ಟಿಯನ್ನು ಬೇಕಾದ ಅಂಕಿಗೆ ಸರಿಸಬೇಕು. ಅಂಕಿಗಳು 900 ಗಜದವರೆಗೂ ಇದ್ದವು. ದೂರವನ್ನು ಕಣ್ಣಳತೆಯಲ್ಲೇ ಅಂದಾಜು ಮಾಡುವುದನ್ನು ಕಲಿಸಲು 1853ರಲ್ಲಿ ಕೆಂಟ್‌ನ ಹೈದ್ ಊರಿನಲ್ಲಿ ಒಂದು ಶಾಲೆಯನ್ನೇ ತೆರೆದರು. ದೂರ ಗೊತ್ತಿಲ್ಲದವನಿಗೆ ಏಣಿ ಇದ್ದೂ ಪ್ರಯೋಜನವಿಲ್ಲವಲ್ಲ!

ಈಗ 1857ರ ನಂತರಕ್ಕೆ ಬರೋಣ. ಭಾರತೀಯ ಸಿಪಾಯಿಗಳು ಇಲ್ಲದೆ ಬ್ರಿಟಿಷರು ಭಾರತವನ್ನು ಆಳಲು ಸಾಧ್ಯವಿರಲಿಲ್ಲ. ಅವರನ್ನು ನಂಬಲೂ ಆಗುತ್ತಿರಲಿಲ್ಲ. ಇದಕ್ಕೆ ಸರ್ಕಾರ ಕಂಡುಕೊಂಡ ಒಂದು ಉಪಾಯ 1858ರ ಹೊಸ ಮಾದರಿಯ ಕೋವಿ. ಹೊರಗಿನಿಂದ ಅದು ಎನ್‌ಫೀಲ್ಡ್‌ನಂತೆಯೇ ಕಾಣುತ್ತಿತ್ತು. ಆದರೆ ನಳಿಗೆಯೊಳಗಿನ ಸುರುಳಿ ಗೆರೆಗಳನ್ನು ಕೊರೆದು ನುಣುಪು ಮಾಡಿದ್ದರು. ಏಣಿಯನ್ನು ತೆಗೆದು, ಆ ಜಾಗದಲ್ಲಿ ಅಲುಗಾಡದ ಒಂದು ಕಚ್ಚನ್ನು ಕೂರಿಸಿದ್ದರು. ಬ್ರಿಟಿಷ್ ಸೈನಿಕನಿಗೆ 900 ಗಜದ ಏಣಿ, ಪಕ್ಕದಲ್ಲೇ ನಿಂತ ಭಾರತೀಯ ಸಿಪಾಯಿಗೆ ಸರಿಪಡಿಸಲಾಗದ ಸೈಟ್. ಇಬ್ಬರೂ ಒಂದೇ ರಾಣಿಯ ಸೈನಿಕರು.

ಆ ರಾಣಿಯೂ ಗುಂಡು ಹಾರಿಸಿದ್ದಾರೆ, ಅದೂ ಲಂಡನ್ನಿನಲ್ಲೇ. 1860ರ ಜುಲೈನಲ್ಲಿ ವಿಂಬಲ್ಡನ್ ಕಾಮನ್‌ನಲ್ಲಿ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನ ಮೊದಲ ಸ್ಪರ್ಧೆ ನಡೆಯಿತು. ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ತಮ್ಮ ರೈಫಲನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, 400 ಗಜ ದೂರದ ಗುರಿಗೆ ಮೊದಲೇ ಸರಿಹೊಂದಿಸಿಟ್ಟಿದ್ದರು. ವಿಕ್ಟೋರಿಯಾ ರಾಣಿ ರೇಷ್ಮೆಯ ದಾರ ಎಳೆದರು, ಅಷ್ಟೆ. ಗುಂಡು ಗುರಿಯ ನಡುವಿನಿಂದ ಎರಡು ಇಂಚೂ ದೂರ ಹೋಗಲಿಲ್ಲ. ಇಂಗ್ಲೆಂಡಿನಲ್ಲಿ ಜನರು ದೂರಕ್ಕೆ ಗುರಿ ಇಡುವುದನ್ನು ಕಲಿಯಲಿ ಎಂದು ಸ್ಪರ್ಧೆ ನಡೆಸುತ್ತಿದ್ದ ಕಾಲದಲ್ಲೇ ಭಾರತದಲ್ಲಿ ಸಿಪಾಯಿಯ ಕೋವಿಯಿಂದ ಏಣಿಯನ್ನು ಕಿತ್ತಿದ್ದರು.

ಇದಕ್ಕೂ ಕರ್ನಾಟಕಕ್ಕೂ ಏನು ಸಂಬಂಧ? 1857ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಜನರ ಆಯುಧಗಳ ಮೇಲೂ ಕಾಯ್ದೆ ತಂದಿತು. ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿ ಆಗ ಮುಧೋಳ ಸಂಸ್ಥಾನದಲ್ಲಿತ್ತು. ಅಲ್ಲಿನ ಬೇಡರು ಆಯುಧ ಒಪ್ಪಿಸುವುದಿಲ್ಲ ಎಂದರು. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. ಸೆರೆ ಸಿಕ್ಕವರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮ ಎಂಬ ಬೇಡರ ಹೆಸರುಗಳು ಲಾವಣಿಯಲ್ಲಿ ಉಳಿದಿವೆ. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ.

ಕೊಡಗಿನಲ್ಲಿ ಆದದ್ದು ಬೇರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ (ಹೌದು, ಕಬ್ಬನ್ ಪಾರ್ಕಿನ ಕಬ್ಬನ್) ಕೊಡವರಿಗೆ ಈ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಅವರು ಸರ್ಕಾರಕ್ಕೆ ನಿಷ್ಠರು ಎಂಬುದು ಕಾರಣ. ಕೈಲ್ ಪೊಳ್ದ್ ಹಬ್ಬದಲ್ಲಿ ಇವತ್ತಿಗೂ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಭಾರತ ಸರ್ಕಾರ 2019ರಲ್ಲಿ ಈ ವಿನಾಯಿತಿಯನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು.

ಹಲಗಲಿಯಲ್ಲಿ ಕೋವಿಯನ್ನೇ ಕಸಿದರು, ಕೊಡಗಿನಲ್ಲಿ ಇಟ್ಟುಕೊಳ್ಳಲು ಬಿಟ್ಟರು, ಸಿಪಾಯಿಗೆ ಏಣಿ ಇಲ್ಲದ್ದನ್ನು ಕೊಟ್ಟರು. ಮೂರರಲ್ಲೂ ಸರ್ಕಾರ ಕೇಳಿಕೊಂಡ ಪ್ರಶ್ನೆ ಒಂದೇ ಎಂದು ನನಗೆ ಅನಿಸುತ್ತದೆ: ಇವರನ್ನು ಎಷ್ಟು ದೂರದವರೆಗೆ ನಂಬಬಹುದು?

ಮುಂದೆ ಸಿಪಾಯಿಗಳಿಗೂ ರೈಫಲ್ ಸಿಕ್ಕಿತು, ಆದರೆ ಬಹುಕಾಲ ಬ್ರಿಟಿಷರದ್ದಕ್ಕಿಂತ ಒಂದು ತಲೆಮಾರು ಹಳೆಯದು. 1914ರಲ್ಲಿ ಭಾರತೀಯ ಸೈನ್ಯ ಫ್ರಾನ್ಸಿನ ಮಾರ್ಸೇಲ್ಸ್‌ನಲ್ಲಿ ಇಳಿದಾಗ ಹಳೆಯ ರೈಫಲ್‌ಗಳನ್ನು ಒಪ್ಪಿಸಿ ಹೊಸ ಲೀ-ಎನ್‌ಫೀಲ್ಡ್ ತೆಗೆದುಕೊಂಡಿತು. ಅದರ ಹಿಂದಿನ ಸೈಟಿನಲ್ಲಿ 2000 ಗಜದವರೆಗೆ ಅಂಕಿಗಳಿದ್ದವು. ಬ್ರಿಟಿಷ್ ಸೈನಿಕನ ಕೈಯಲ್ಲಿದ್ದ ರೈಫಲಿನಲ್ಲೂ ಅಷ್ಟೇ. ಆ ಸಮಾನತೆ ಬರಲು ಒಂದು ಮಹಾಯುದ್ಧ ಬೇಕಾಯಿತು.

ಎನ್‌ಫೀಲ್ಡ್ ಲಾಕ್‌ನ ಕಾರ್ಖಾನೆಯ ಜಾಗದಲ್ಲಿ ಈಗ ಮನೆಗಳಿವೆ. ಹಳೆಯ ಮೆಷಿನ್ ಶಾಪ್ ಮತ್ತು ಅದರ ಗಡಿಯಾರದ ಗೋಪುರ ಹಾಗೆಯೇ ಉಳಿದಿವೆ. ಲೀ ನದಿಯ ದಂಡೆಯಲ್ಲಿ ವಾಕ್ ಹೋಗುವವರು ಒಮ್ಮೆ ನೋಡಿ ಬನ್ನಿ. ಜೊತೆಗೆ ಮಕ್ಕಳಿದ್ದರೆ ಹಲಗಲಿಯ ಕಥೆಯನ್ನೂ ಹೇಳಿ. ಇಲ್ಲಿನ ಶಾಲೆಯ ಪಾಠದಲ್ಲಿ ಅದು ಸಿಗುವುದಿಲ್ಲ.