ಕಾನೂನು ಕೇಳದ ರಾಜೀನಾಮೆ

1984ರ ಡಿಸೆಂಬರ್. ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸೀಟುಗಳ ಪೈಕಿ 24 ಕಾಂಗ್ರೆಸ್ ಪಾಲಾದವು. ರಾಜ್ಯ ಆಳುತ್ತಿದ್ದ ಜನತಾ ಪಕ್ಷಕ್ಕೆ ಬರೀ ನಾಲ್ಕು! ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟುಬಿಟ್ಟರು.

ನೋಡಿ, ಸೋತಿದ್ದು ಲೋಕಸಭೆಯಲ್ಲಿ. ವಿಧಾನಸಭೆಯ ಅವಧಿ ಇನ್ನೂ ಮೂರು ವರ್ಷ ಬಾಕಿಯಿತ್ತು. ಕುರ್ಚಿ ಬಿಡಿ ಅಂತ ಯಾವ ಕಾನೂನೂ ಹೇಳಿರಲಿಲ್ಲ. ಜನರ ವಿಶ್ವಾಸ ಇದೆಯೋ ಇಲ್ಲವೋ, ಜನರನ್ನೇ ಕೇಳೋಣ ಅಂತ ಹೊರಟರು.

ಇದರಲ್ಲಿ ರಾಜಕೀಯ ಲೆಕ್ಕಾಚಾರ ಇರಲಿಲ್ವಾ? ಇತ್ತು ಸ್ವಾಮಿ. 1983ರಲ್ಲಿ ಗೆದ್ದಿದ್ದು 95 ಸೀಟು, ಸರ್ಕಾರ ನಿಂತಿದ್ದು ಹೊರಗಿನವರ ಬೆಂಬಲದ ಮೇಲೆ. ಆದರೆ ಸೋತರೆ ಕುರ್ಚಿಯೇ ಇಲ್ಲ ಅನ್ನೋದೂ ಅವರಿಗೆ ಗೊತ್ತಿತ್ತು. ಆ ಧೈರ್ಯವನ್ನ ಜನ ನಂಬಿದರು ಅನ್ನೋದು ನನ್ನ ಅನಿಸಿಕೆ. 1985ರ ಮಾರ್ಚ್‌ನಲ್ಲಿ ಅದೇ ಮತದಾರರು 139 ಸೀಟು ಕೊಟ್ಟರು.

ಅದೇ ಹೆಗಡೆ 1988ರಲ್ಲಿ ಟೆಲಿಫೋನ್ ಕದ್ದಾಲಿಕೆ ಆರೋಪಕ್ಕೆ ಸಿಕ್ಕಿ ಮತ್ತೆ ರಾಜೀನಾಮೆ ಕೊಟ್ಟರು. ಮೌಲ್ಯಾಧಾರಿತ ರಾಜಕಾರಣ ಅಂದವರ ಸರ್ಕಾರದ ಮೇಲೇ ಆ ಆರೋಪ! ಆಮೇಲೆ ಅವರು ಮುಖ್ಯಮಂತ್ರಿ ಆಗಲೇ ಇಲ್ಲ.

ರಾಜೀನಾಮೆ ಎರಡು ಸಲವೂ ಕೊಟ್ಟರು. ಮೊದಲನೆಯದು ತಾವಾಗಿ ಕೊಟ್ಟಿದ್ದು, ಎರಡನೆಯದು ವಿಧಿಯಿಲ್ಲದೆ ಕೊಟ್ಟಿದ್ದು. ಈ ವ್ಯತ್ಯಾಸ ಜನರಿಗೆ ಗೊತ್ತಾಗಲ್ಲ ಅಂತ ಯಾವ ನಾಯಕನೂ ಅಂದುಕೊಳ್ಳಬಾರದು.